ನಮ್ಮ ಮನೆಯ ಕರ್ನೆಲ್

ನನ್ನನ್ನು ಮೊದಲು ಕರ್ನೆಲ್ ಎಂದವಳು ನನ್ನ ಸೊಸೆ. ಎದುರಿಗೆ ಹೇಳಿದ್ದಲ್ಲ. ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಅವಳು ನಾಲ್ಕು ಜನ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ, ಮಾತು ಕಿವಿಗೆ ಬಿತ್ತು. ಕೇಳಿ ಹಿಗ್ಗಿದೆ. ಆ ಹಿಗ್ಗು ನೆನಪಾದರೆ ಈಗಲೂ ಯಾರಾದರೂ ನೋಡಿಬಿಟ್ಟರೇನೋ ಎಂದು ಸುತ್ತ ಕಣ್ಣು ಹಾಯಿಸುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾಗಿದ್ದೆ. ನಮ್ಮತ್ತೆ ತೀರಿಕೊಂಡ ಮೇಲೆ ಮನೆಯ ಮಡಿಯೆಲ್ಲ ನನ್ನ ಹೆಗಲಿಗೆ ಬಂದಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಬಂದಾಗ ನಾನೇನೂ ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದ ಹಾಗೆ ಮೇಲಿನ ಗಳುವಿನ ಮೇಲೆ ಒಣಗಿಸಿದ ಸೀರೆ ಉಟ್ಟು ಅಡುಗೆಮನೆ ಹೊಕ್ಕರೆ, ದೇವರಿಗೆ ನೈವೇದ್ಯವಾಗುವ ತನಕ ನನ್ನನ್ನು ಯಾರೂ ಮುಟ್ಟುವ ಹಾಗಿಲ್ಲ, ನಾನೂ ಯಾರನ್ನೂ ಮುಟ್ಟುವ ಹಾಗಿಲ್ಲ. ಹೊರಗಿನದೇನಾದರೂ ಬೇಕಾದರೆ ಕೂಗಬೇಕು. ತಂದವರು ಹೊಸ್ತಿಲ ಬಳಿ ನೆಲದ ಮೇಲೆ ಇಟ್ಟು ಹಿಂದೆ ಸರಿಯಬೇಕು. ಆಮೇಲೆ ನಾನು ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳಬೇಕು. ಇದು ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಕಾನೂನು.

ಸೊಸೆ ಧಾರವಾಡದ ಕಡೆಯವಳು. ಗೆಳತಿಯರ ಜೊತೆ ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದು ಅಲ್ಲೇ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. ಮಗ ಇಷ್ಟಪಟ್ಟ. ಹುಡುಗಿ ನಮ್ಮವರಲ್ಲ. ಹಾಗೆಂದರೇನು ಎಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಕೆಲವು ದಿನ ಮುಖ ಊದಿಸಿಕೊಂಡು ಓಡಾಡಿದೆ, ಆಮೇಲೆ ಒಪ್ಪಿದೆ. ಒಪ್ಪಿದ ಮೇಲೆ ನನ್ನಷ್ಟು ದೊಡ್ಡ ಮನಸ್ಸಿನವರು ಇಡೀ ಜಯನಗರದಲ್ಲಿ ಇಲ್ಲ ಎಂದು ನನಗೇ ಅನಿಸತೊಡಗಿತು. ಮದುವೆಯಾಗಿ ಬಂದ ಮಾರನೆಯ ದಿನ ಬೀರುವಿನ ಬೀಗದ ಕೈ ಗೊಂಚಲನ್ನೇ ಅವಳ ಕೈಗಿಟ್ಟೆ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ತರಕಾರಿ ಆರಿಸುವಾಗ ಸಿಕ್ಕವರಿಗೆಲ್ಲ, "ಸೊಸೆ ಅಲ್ಲ ಕಣ್ರೀ, ಮಗಳು" ಎನ್ನುತ್ತಿದ್ದೆ.

ಅಡುಗೆಮನೆ ಮಾತ್ರ ಬೇರೆ. "ಪಾಪ, ಆಫೀಸಿಗೆ ಹೋಗೋ ಹುಡುಗಿ, ಮಡಿ ಗಿಡಿ ಅಂತ ಅವಳಿಗ್ಯಾಕೆ ತೊಂದರೆ" ಎಂದು ಬಂದ ಹೊಸದರಲ್ಲೇ ಹೇಳಿಬಿಟ್ಟಿದ್ದೆ. ಮಾತು ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತೆಂದರೆ ನನ್ನ ಗಂಡನೂ ತಲೆದೂಗಿದರು. ಎರಡು ವರ್ಷ ಅವಳು ಆ ಹೊಸ್ತಿಲು ದಾಟಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ.

ಆ ವರ್ಷ ಮಗ ಹೊಸ ರಾಗ ತೆಗೆದ. ಬಿ.ಟಿ.ಎಂ.ನಲ್ಲಿ ಒಂದು ಮನೆ ನೋಡಿದ್ದೇವೆ, ಅವಳ ಆಫೀಸಿಗೆ ಹತ್ತಿರ ಆಗುತ್ತದೆ, ಯೋಚನೆ ಮಾಡುತ್ತಿದ್ದೇವೆ ಎಂದ. ಜಯನಗರದಿಂದ ಬಿ.ಟಿ.ಎಂ.ಗೆ ಎಷ್ಟು ದೂರ? ಕರೆದರೆ ಆಟೋದವನು ಮುಖ ತಿರುಗಿಸಿಕೊಂಡು ಹೋಗುವಷ್ಟು ಹತ್ತಿರ. ನನಗೆ ಜನ ಏನೆಂದಾರು ಎಂಬ ಭಯ ಒಂದು. ಇನ್ನೊಂದು, ನಿಜವಾಗಿಯೂ ಆ ಹುಡುಗಿ ನನಗೆ ಬೇಕಾಗಿದ್ದಳು. ಸಂಜೆ ಅವಳು ಬಂದು ಚಪ್ಪಲಿ ಬಿಟ್ಟು, "ಅತ್ತೀ, ಬಂದ್ನೆರಿ" ಎಂದರೆ ಮನೆಯಲ್ಲಿ ದೀಪ ಹಾಕಿದ ಹಾಗಿರುತ್ತಿತ್ತು. ನಾವು ಅತ್ತೆ ಎಂದರೆ ಅವರ ಕಡೆ ಅತ್ತಿ. ಅವಳು ಹೋಗಬಾರದು ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ಪಾಠ ಶುರುವಾದದ್ದು ಆ ದಿನಗಳಲ್ಲೇ. ಅವಳ ಕೆಲಸ ಡ್ರೈವರ್ ಬರೆಯುವುದು. ಕಾರಿನ ಡ್ರೈವರ್ ಅಲ್ಲ. ಕಂಪ್ಯೂಟರಿಗೆ ಕ್ಯಾಮೆರಾ, ಪ್ರಿಂಟರ್ ಏನಾದರೂ ಚುಚ್ಚಿದರೆ ಅದನ್ನು ನಡೆಸುವುದು ಹೇಗೆಂದು ತಿಳಿಸುವ ಚಿಕ್ಕ ಪ್ರೋಗ್ರಾಮ್. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ ವಿದ್ಯೆ ತಲೆಗೆ ಹತ್ತುತ್ತಿಲ್ಲವೆಂದು ಶನಿವಾರ ಬೆಳಿಗ್ಗೆ ಅವರನ್ನು ಮನೆಗೇ ಕರೆಸುತ್ತಿದ್ದಳು. ಮಕ್ಕಳು ಮನೆಗೆ ಪಾಠಕ್ಕೆ ಬಂದರೆ ಹಳೆಯ ಮೇಷ್ಟರಿಗೆ ಹಬ್ಬ. ನಾನು ಒಳಗಿನಿಂದಲೇ ಕಿವಿ ಕೊಟ್ಟು ಕೂರುತ್ತಿದ್ದೆ.

ಮೊದಲ ಶನಿವಾರ ಅವಳ ಪಾಠ ಮುಂದೆ ಸಾಗಲಿಲ್ಲ. ಯಂತ್ರದ ಒಳಗೆ ಕರ್ನೆಲ್ ಎಂಬುದೊಂದಿದೆ, ಅದು ಎಲ್ಲದರ ತಿರುಳು. ಹೊರಗೆ ನಾವು ಬಳಸುವ ಪ್ರೋಗ್ರಾಮುಗಳಿವೆ, ಆ ಜಾಗಕ್ಕೆ ಯೂಸರ್ ಸ್ಪೇಸ್ ಎನ್ನುತ್ತಾರೆ. ಹೊಸ ಡಿವೈಸ್ ಬಂದಾಗ ಡ್ರೈವರ್ ತರುವ ಕೆಲಸವನ್ನು ಇವೆರಡೂ ಹಂಚಿಕೊಳ್ಳುತ್ತವೆ ಎಂದಳು. ಮಕ್ಕಳು ಮಿಕಮಿಕ ನೋಡಿದವು. ಅವಳು ಬೋರ್ಡ್ ಒರೆಸಿದಳು.

"ಹಂಗಾರ ನಮ್ಮ ಮನೀನ ತಗೋರಿ. ಒಳಗ ನಮ್ಮ ಅತ್ತಿ ಮಡಿಯಾಗ ಅದಾರ. ಅವರನ್ನ ಯಾರೂ ಮುಟ್ಟಂಗಿಲ್ಲ. ಅವರು ಕರ್ನೆಲ್. ಹೊರಗ ನಾನು, ನಮ್ಮ ಮಾವ. ನಾವು ಯೂಸರ್ ಸ್ಪೇಸ್. ಈಗ ಬಾಗಲದ ಬೆಲ್ ಆತು ಅನ್ರಿ. ಒಳಗಿದ್ದವರಿಗೆ ಮೊದಲ ಕೇಳಿಸ್ತೈತಿ. ಯಾವುದಾರ ಡಿವೈಸ್ ಚುಚ್ಚಿದ್ರ ಮೊದಲ ಗೊತ್ತಾಗೋದು ಕರ್ನೆಲ್‌ಗೇ. ಆದ್ರ ಅವರು ಹೊರಗ ಬರೂದಿಲ್ಲ. ಅಲ್ಲಿಂದನ ಕೂಗ್ತಾರ, ‘ಯಾರೋ ಬಂದ್ರು ನೋಡಮ್ಮಾ!’"

ನನ್ನ ದನಿಯನ್ನು ಅವಳು ಹುಬೇಹೂಬು ತೆಗೆದಳು. ಮಕ್ಕಳು ಗೊಳ್ಳೆಂದು ನಕ್ಕವು. ನಾನೂ ಸೌಟು ಹಿಡಿದುಕೊಂಡೇ ನಕ್ಕೆ.

"ನಾನು ಹೋಗಿ ನೋಡ್ತೀನಿ. ಬಂದವರು ಯಾರು, ಅವರಿಗೇನು ಬೇಕು, ಅದು ಅಟ್ಟದ ಮ್ಯಾಲ ಯಾವ ಡಬ್ಬಿಯಾಗ ಐತಿ, ಇದೆಲ್ಲಾ ನನ್ನ ಕೆಲಸ. ಕರ್ನೆಲ್ ಡಬ್ಬಿ ಹುಡುಕ್ಕೊಂತ ಕೂಡೂದಿಲ್ಲ. ಬಂದ ಡಿವೈಸಿನ ನಂಬರ್ ಅಷ್ಟ ಕೂಗಿ ಹೇಳತೈತಿ. ಯಾವ ನಂಬರಿಗೆ ಯಾವ ಡ್ರೈವರ್ ಅಂತ ನೋಡಿ, ಡಿಸ್ಕಿನ ಮ್ಯಾಲಿಂದ ತಗೊಂಬರೋದು ಹೊರಗಿನ ಪ್ರೋಗ್ರಾಮ್. ತಂದು ಹೊಸ್ತಿಲದಾಗ ಇಡತೈತಿ. ಕರ್ನೆಲ್ ಅದು ತನಗ ಹೊಂದತೈತೋ ಇಲ್ಲೋ ನೋಡಿ, ಸರಿ ಇದ್ರ ಒಳಗ ತಗೋತೈತಿ. ನಮ್ಮ ಅತ್ತಿ ನೀರ ಚಿಮುಕಿಸಿ ತಗೋತಾರಲ್ಲ, ಹಂಗ."

"ಯಾಕ್ ಮೇಡಂ ಅಷ್ಟೊಂದು ಸ್ಟ್ರಿಕ್ಟು?" ಎಂದ ಒಬ್ಬ ಹುಡುಗ.

"ಹೊರಗ ನಾ ಮುಗ್ಗರಿಸಿದ್ರ ನಾ ಒಬ್ಬಾಕಿ ಬೀಳ್ತೀನಿ. ಒಳಗ ಏನರ ಕೆಟ್ರ ಇಡೀ ಮನೀ ಊಟ ಹೋತು. ಒಳಗ ಹೋದ ಡ್ರೈವರ್ ಕೆಟ್ಟದ್ದಿದ್ರ ಮಷೀನ ಪೂರಾ ಬೀಳತೈತಿ."

ಆಮೇಲೆ ಅವಳು ಒಂದು ಪುಟ್ಟ ಕ್ಯಾಮೆರಾವನ್ನು ಕಂಪ್ಯೂಟರಿಗೆ ಚುಚ್ಚಿ, ಕರ್ನೆಲ್ ಕೂಗಿದ್ದನ್ನೂ ಹೊರಗಿನ ಪ್ರೋಗ್ರಾಮ್ ಓಡಿಹೋಗಿ ಡ್ರೈವರ್ ತಂದದ್ದನ್ನೂ ತೆರೆಯ ಮೇಲೆ ತೋರಿಸಿದಳಂತೆ. ಪಾಠ ಅರ್ಥವಾಗಿ ಮಕ್ಕಳು ಓಹೋ ಎಂದವು. ನನಗೆ ಅರ್ಥವಾದದ್ದು ಬೇರೆ. ಮಡಿ ಎಂದರೆ ಗೊಡ್ಡು ಎಂದು ಮೂವತ್ತು ವರ್ಷದಿಂದ ಚುಡಾಯಿಸುತ್ತಿದ್ದ ಗಂಡನಿಗೆ ಕೊಡಲು ನನಗೊಂದು ಉತ್ತರ ಸಿಕ್ಕಿತ್ತು.

"ಕೇಳಿಸ್ಕೊಂಡ್ರಾ? ಕಂಪ್ಯೂಟರ್‌ನಲ್ಲೂ ಮಡಿ ಇದೆಯಂತೆ. ದೊಡ್ಡ ದೊಡ್ಡೋರೆಲ್ಲ ಯೋಚನೆ ಮಾಡಿ ಇಟ್ಟಿರೋದು" ಎಂದೆ.

"ಕಂಪ್ಯೂಟರ್‌ಗೆ ಹಸಿವಾಗಲ್ಲ ಕಣೇ, ನನಗಾಗತ್ತೆ. ತಟ್ಟೆ ಹಾಕು" ಎಂದರು.

ಅವರ ಕೊಂಕು ನನಗೆ ತಾಗಲಿಲ್ಲ. ಆ ವಾರವೆಲ್ಲ ನಾನು ಸಾರಿದ್ದೇ ಸಾರಿದ್ದು. ದೇವಸ್ಥಾನದಲ್ಲಿ ಸಿಕ್ಕವರಿಗೆ, ಹಾಲಿನ ಬೂತಿನ ಮುಂದೆ ನಿಂತವರಿಗೆ, ಪದ್ಮನಾಭನಗರದ ನನ್ನ ನಾದಿನಿಗೆ ಫೋನಿನಲ್ಲಿ, ಎಲ್ಲರಿಗೂ ನಮ್ಮ ಸೊಸೆ ಮಡಿಯನ್ನಿಟ್ಟುಕೊಂಡು ಕಂಪ್ಯೂಟರ್ ಕಲಿಸುತ್ತಾಳೆ, ಅದರಲ್ಲಿ ಕರ್ನೆಲ್ ನಾನೇ ಎಂದು ಹೇಳಿಕೊಂಡೆ. ಹಿರಿಯರು ಮಾಡಿದ್ದಕ್ಕೆಲ್ಲ ಒಂದು ಸೈನ್ಸ್ ಇದೆ ಎಂದು ಗಣಿತ ಕಲಿಸಿದ ಹೆಂಗಸು ರಸ್ತೆಯಲ್ಲಿ ನಿಂತು ಭಾಷಣ ಮಾಡಿದಳು. ಆ ಹೆಂಗಸನ್ನು ಈಗ ರಟ್ಟೆ ಹಿಡಿದು ಮನೆಯೊಳಗೆ ಎಳೆದುಕೊಳ್ಳಬೇಕೆನಿಸುತ್ತದೆ.

ಮುಂದಿನ ಶನಿವಾರ ನಾನು ಇನ್ನೂ ಮೆರೆದೆ. ಅವಳು ಮಕ್ಕಳಿಗೆ ಒಂದು ಒಗಟು ಹಾಕಿದಳು. ಮಷೀನ್ ಆಗಷ್ಟೇ ಏಳುತ್ತಿದೆ. ಡ್ರೈವರ್‌ಗಳೆಲ್ಲ ಇರುವುದು ಡಿಸ್ಕಿನ ಮೇಲೆ. ಆದರೆ ಡಿಸ್ಕನ್ನು ಓದುವುದಕ್ಕೇ ಒಂದು ಡ್ರೈವರ್ ಬೇಕು, ಅದೂ ಡಿಸ್ಕಿನ ಮೇಲೇ ಇದೆ. ಉಗ್ರಾಣದ ಬೀಗದ ಕೈ ಉಗ್ರಾಣದ ಒಳಗೇ ಇದ್ದರೆ ಬಾಗಿಲು ತೆಗೆಯುವುದು ಹೇಗೆ? ಮಕ್ಕಳು ತಲೆ ಕೆರೆದುಕೊಂಡವು. ನನಗೆ ತಡೆಯಲಾಗಲಿಲ್ಲ.

"ಮೊದಲೇ ಒಂದು ಚಿಕ್ಕ ಬುಟ್ಟೀಲಿ ತೆಗೆದಿಟ್ಕೋಬೇಕು!" ಎಂದು ಒಳಗಿನಿಂದ ಕೂಗಿದೆ. "ನಾನು ಬೆಳಿಗ್ಗೆಗೆ ಬೇಕಾದ ಅಕ್ಕಿ, ಬೇಳೆ, ಬೆಂಕಿಪೊಟ್ಟಣ ಹಿಂದಿನ ಸಂಜೆಯೇ ಒಳಗೆ ಇಟ್ಕೊಳಲ್ವಾ? ಹಾಗೆ."

"ಬರೋಬ್ಬರಿ ಹೇಳಿದ್ರಿ ಅತ್ತಿ!" ಎಂದು ಅವಳು ಚಪ್ಪಾಳೆ ತಟ್ಟಿದಳು. ಮಕ್ಕಳೂ ತಟ್ಟಿದವು. ಏಳುವಾಗ ಬೇಕಾಗುವ ನಾಲ್ಕೇ ನಾಲ್ಕು ಡ್ರೈವರ್‌ಗಳನ್ನು ಗಂಟು ಕಟ್ಟಿ ಕರ್ನೆಲ್ ಜೊತೆಗೇ ಎತ್ತಿಕೊಡುತ್ತಾರಂತೆ. ಆ ದಿನ ನಾನು ಎಲ್ಲರಿಗೂ ಎರಡೆರಡು ಸಲ ಕಾಫಿ ಮಾಡಿದೆ. ಲೋಟಗಳನ್ನು ಹೊಸ್ತಿಲ ಆಚೆ ನೆಲದ ಮೇಲೆ ಸಾಲಾಗಿ ಇಟ್ಟೆ. ಸೊಸೆ ಬಗ್ಗಿ ಒಂದೊಂದಾಗಿ ಎತ್ತಿಕೊಂಡು ಹೋದಳು.

ಮೂರನೆಯ ಶನಿವಾರ ಪ್ರಶ್ನೆ ಕೇಳಿದವಳು ಕನ್ನಡಕ ಹಾಕಿದ ಒಬ್ಬ ಹುಡುಗಿ. ಅಷ್ಟು ದಿನ ಬಾಯೇ ಬಿಟ್ಟಿರಲಿಲ್ಲ.

"ಮೇಡಂ, ಹೊರಗಡೆ ಪ್ರೋಗ್ರಾಮ್ ಇಷ್ಟೆಲ್ಲ ತಂದ್ಕೊಡತ್ತಲ್ವಾ, ಅದು ಯಾವತ್ತಾದ್ರೂ ಒಳಗೆ ಹೋಗಬಹುದಾ? ರೂಟ್ ಆಗಿದ್ರೆ?"

ರೂಟ್ ಎಂದರೆ ಮಷೀನಿನ ಯಜಮಾನಿಕೆ, ಏನು ಬೇಕಾದರೂ ಮಾಡುವ ಅಧಿಕಾರ. ಅದನ್ನು ನಾನು ಹಿಂದಿನ ವಾರ ಕೇಳಿ ತಿಳಿದುಕೊಂಡಿದ್ದೆ. ಉತ್ತರ ಏನು ಬರುತ್ತದೋ ಎಂದು ನಾನೂ ಒಲೆ ಸಣ್ಣ ಮಾಡಿದೆ.

"ಇಲ್ಲ" ಎಂದಳು ನನ್ನ ಸೊಸೆ. "ರೂಟ್ ಆದ್ರೂ ಹೊರಗನ. ಕೀಲಿಕೈ ಎಲ್ಲಾ ಕೊಟ್ಟಿರ್ತಾರ, ಮನೀ ನಿಂದ ಅಂದಿರ್ತಾರ. ಖರೇನ. ಆದ್ರೂ ಹೊಸ್ತಿಲ ಹೊರಗ ನಿಂತು ಕೇಳಬೇಕು."

"ಹಾಗಾದ್ರೆ ಒಳಗೆ ಹೋಗೋದು ಯಾವ್ದು ಮೇಡಂ?"

"ನಾವು ತಂದದ್ದು ಹೋಗತೈತಿ. ಒಮ್ಮೆ ಹೋತಂದ್ರ ಅದೂ ಕರ್ನೆಲ್ಲೇ ಆತು, ಕರ್ನೆಲ್‌ಗೆ ಇದ್ದಷ್ಟು ಅಧಿಕಾರ ಅದಕ್ಕೂ ಬಂತು. ತಂದವರು ಆಗೂದಿಲ್ಲ."

"ಅಯ್ಯೋ ಪಾಪ" ಎಂದಳು ಆ ಹುಡುಗಿ. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಆ ನಗೆಯಲ್ಲಿ ಕಹಿ ಇತ್ತೇ ಎಂದು ನಾನು ಆಮೇಲೆ ಎಷ್ಟೋ ಸಲ ನೆನೆದು ಹುಡುಕಿದ್ದೇನೆ. ಇರಲಿಲ್ಲ. ಅವಳು ಯಂತ್ರದ ಪಾಠ ಹೇಳುತ್ತಿದ್ದಳು, ಅಷ್ಟೇ. ಮರುಗಳಿಗೆಯಲ್ಲಿ ಬೋರ್ಡಿನ ಮೇಲೆ ಇನ್ನೇನೋ ಬರೆಯತೊಡಗಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಒಲೆಯ ಮುಂದೆ ನಿಂತು ನೋಡಿಕೊಂಡೆ. ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ನನ್ನ ಮನೆಯಲ್ಲಿ ಕೂತು, ನನ್ನ ಕಾಫಿ ಕುಡಿದು, ನನ್ನ ಬಗ್ಗೆ ಮಕ್ಕಳ ಮುಂದೆ! ಯಾರು ಇವಳನ್ನು ಹೊರಗೆ ನಿಲ್ಲಿಸಿದ್ದು? ಮಡಿ ಎಂದ ಮೇಲೆ ಎಲ್ಲರಿಗೂ ಒಂದೇ. ಹೀಗೆ ಮನಸ್ಸಿನಲ್ಲೇ ವಾದ ಹೂಡಿದೆ. ಆದರೆ ಲೆಕ್ಕದ ಮೇಷ್ಟರಿಗೆ ಒಂದು ಕಷ್ಟವಿದೆ. ಒಂದು ಹೆಜ್ಜೆ ಬರೆದರೆ ಮುಂದಿನ ಹೆಜ್ಜೆ ತಾನಾಗಿ ಬಂದು ನಿಲ್ಲುತ್ತದೆ.

ಎಲ್ಲರಿಗೂ ಒಂದೇ ಎಂದೆನಲ್ಲ. ನನ್ನ ಮಗ ಹಲ್ಲು ಕೂಡ ಉಜ್ಜದೆ ಬನಿಯನ್ನಿನಲ್ಲಿ ನುಗ್ಗಿ ಡಬ್ಬಿಯಿಂದ ಕೋಡುಬಳೆ ತೆಗೆಯುತ್ತಿದ್ದ. "ಮೈಲಿಗೆ ಮಾಡಿಟ್ಯಲ್ಲೋ ಕತ್ತೆ" ಎಂದು ನಾನು ಕೂಗುತ್ತಿದ್ದೆ, ನೀರು ಚಿಮುಕಿಸುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನಾದಿನಿ ಬಸ್ಸಿಳಿದು ಬಂದವಳು ಕಾಲು ತೊಳೆದು ನೇರ ಒಳಗೆ ಬಂದು ಸಾಂಬಾರಿಗೆ ಉಪ್ಪು ನೋಡುತ್ತಿದ್ದಳು. ಮಡಿ ನನಗಿದ್ದದ್ದು ನೈವೇದ್ಯದ ತನಕ ಮಾತ್ರ. ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದು, ನಾನು ಸಾದಾ ಸೀರೆ ಉಟ್ಟು ಧಾರಾವಾಹಿ ನೋಡುವ ಹೊತ್ತಿಗೆ ಯಾವ ಮಡಿ? ಆಗಲೂ ಅವಳಿಗೆ ನೀರು ಬೇಕೆಂದರೆ ಹಾಲ್‌ನ ಮೂಲೆಯಲ್ಲಿ ಬೇರೆ ಹೂಜಿ ಇತ್ತು. ಆ ಹೂಜಿಯನ್ನು ಅವಳ ಅನುಕೂಲಕ್ಕೆಂದು ಇಟ್ಟವಳು ನಾನೇ. ಮುತುವರ್ಜಿಯಿಂದ, ಮೇಲೆ ಒಂದು ಕಸೂತಿ ಬಟ್ಟೆ ಮುಚ್ಚಿ.

ಅದಕ್ಕೆ ಮಡಿ ಎಂಬ ಹೆಸರೇ ಸಲ್ಲದು. ಅದರ ಹೆಸರು ನನಗೆ ಗೊತ್ತಿತ್ತು. ಶಾಲೆಯಲ್ಲಿ ಅದರ ವಿರುದ್ಧ ಮಕ್ಕಳಿಂದ ಪ್ರಬಂಧ ಬರೆಸಿ ಬಹುಮಾನ ಕೊಟ್ಟಿದ್ದೇನೆ. ಅವಳು ಬಿ.ಟಿ.ಎಂ.ನಲ್ಲಿ ಮನೆ ನೋಡಿದ್ದು ಆಫೀಸಿಗೆ ಹತ್ತಿರವಾಗಲಿ ಎಂದಲ್ಲ ಎಂಬುದೂ ಅಲ್ಲೇ ಹೊಳೆಯಿತು. ಅಲ್ಲಿ ಅವಳಿಗೊಂದು ಅಡುಗೆಮನೆ ಇರುತ್ತದೆ.

ಆ ನಾಚಿಕೆಯಲ್ಲಿ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆದರೆ ನಾಚಿಕೆಯಾದವರು ತೆಪ್ಪಗಿರುತ್ತಾರೆಂದು ಯಾರು ಹೇಳಿದರು? ನಾನು ನಾಚಿಕೆಯನ್ನೂ ಮೆರವಣಿಗೆ ಮಾಡಲು ಹೊರಟೆ. ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, "ತಪ್ಪಾಯ್ತಮ್ಮಾ, ಇವತ್ತಿಂದ ಒಳಗೆ ಬಾ" ಎಂದಿದ್ದರೆ ಆಗುತ್ತಿತ್ತು. ಹಾಗೆ ಸುಮ್ಮನೆ ಹೇಳಿದರೆ ನನ್ನ ದೊಡ್ಡತನ ಯಾರಿಗೆ ಕಾಣಬೇಕು? ಮುಂದಿನ ಭಾನುವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ನಾದಿನಿ ಬರುವವಳಿದ್ದಳು, ಅಕ್ಕಪಕ್ಕದವರು ಬರುವವರಿದ್ದರು. ಎಲ್ಲರ ಎದುರಿಗೆ ಸೊಸೆಯನ್ನು ಒಳಗೆ ಕರೆಯಬೇಕು, ಪ್ರಸಾದದ ಸಜ್ಜಿಗೆಯನ್ನು ಅವಳ ಕೈಯಿಂದಲೇ ಮಾಡಿಸಬೇಕು, ಅದನ್ನು ನೋಡಿ ಅವಳು ಬಿ.ಟಿ.ಎಂ. ಮರೆಯಬೇಕು. ಇದು ನನ್ನ ಲೆಕ್ಕ.

ಪೂಜೆಯ ದಿನ ಪುರೋಹಿತರು ಕಲಶಕ್ಕೆ ಎಲೆ ಜೋಡಿಸುತ್ತಿದ್ದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾಕಷ್ಟು ಜೋರಾಗಿಯೇ ಹೇಳಿದೆ, "ಇವತ್ತು ಸಜ್ಜಿಗೆ ನನ್ನ ಸೊಸೆ ಮಾಡ್ತಾಳೆ."

ಹಾಲ್‌ನಲ್ಲಿ ಸೊಸೆ ಹೂ ಕಟ್ಟುತ್ತಿದ್ದವಳು ತಲೆ ಎತ್ತಿದಳು. "ನಾನ್ರಿ?" ಎಂದಳು. ಅವಳ ಮುಖದಲ್ಲಿ ಬಂದ ಬೆಳಕನ್ನು ನಾನು ನೋಡಿದೆ. ನಂಬಿಕೆ ಬಾರದೆ ಒಮ್ಮೆ ಗಂಡನ ಕಡೆಗೂ ಒಮ್ಮೆ ಮಾವನ ಕಡೆಗೂ ನೋಡಿ, ಎದ್ದು ಓಡಿದಳು. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿ, ನಾನು ತೆಗೆದಿಟ್ಟಿದ್ದ ಮಡಿಸೀರೆ ಉಟ್ಟು ಬಂದಳು. ಸೀರೆ ಉಡುವುದರಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳಿಗಿಂತ ಅಚ್ಚುಕಟ್ಟು. ಹೊಸ್ತಿಲ ಬಳಿ ಒಂದು ಗಳಿಗೆ ನಿಂತಳು. ಬಲಗಾಲಿಟ್ಟು ಒಳಗೆ ಬಂದಳು.

ನಾನು ಒಲೆಯ ಹತ್ತಿರ ನಿಂತು ನಗುತ್ತಿದ್ದೆ. ನಿಜವಾಗಿಯೂ ಸಂತೋಷದಿಂದಲೇ ನಗುತ್ತಿದ್ದೆ. ಅವಳು ರವೆ ಹುರಿಯಲು ಬಾಣಲೆ ತೆಗೆದುಕೊಳ್ಳಬೇಕೆಂದು ನನ್ನ ಕಡೆ ಕೈ ಚಾಚಿದಳು. ನಾನು ಥಟ್ಟನೆ ಹಿಂದೆ ಸರಿದೆ. ಎಡಗೈ ಸೆರಗನ್ನು ಮೈಗೆ ಎಳೆದುಕೊಂಡಿತು, ಬಲಗೈ ಪಕ್ಕದಲ್ಲಿದ್ದ ಹಾಲಿನ ಪಾತ್ರೆಯನ್ನು ಆಚೆಗೆ ಸರಿಸಿತು. ಯೋಚಿಸಿ ಮಾಡಿದ್ದಲ್ಲ. ಯೋಚನೆ ಬರುವ ಮೊದಲೇ ಆಗಿಹೋಗಿತ್ತು. ಬೆನ್ನು ಗೋಡೆಗೆ ತಾಗಿದಾಗಲೇ ನಾನು ಏನು ಮಾಡಿದೆನೆಂದು ನನಗೆ ಗೊತ್ತಾದದ್ದು.

ಅವಳ ಕೈ ಗಾಳಿಯಲ್ಲೇ ಇತ್ತು. ಅವಳು ಹಾಲಿನ ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾದಿನಿ ಎಲ್ಲವನ್ನೂ ನೋಡಿದ್ದಳು. ಸಮಾಧಾನದ ದನಿಯಲ್ಲಿ, "ಹೋಗ್ಲಿ ಬಿಡಿ ಅತ್ತಿಗೆ, ರೂಢಿ" ಎಂದಳು. ನನ್ನ ಪರ ವಹಿಸಿ ಆಡಿದ ಆ ಮಾತಿಗಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಸೊಸೆ ಹೊರಗೆ ಹೋಗಲಿಲ್ಲ. ಹೋಗಿದ್ದರೆ ಹತ್ತು ಜನರೆದುರು ನನ್ನ ಮಾನ ಹೋಗುತ್ತಿತ್ತು. ಬಾಣಲೆ ತಾನೇ ತೆಗೆದುಕೊಂಡಳು. ರವೆ ಹುರಿದಳು, ಬಾಳೆಹಣ್ಣು ಕಿವುಚಿದಳು, ತುಪ್ಪ, ಸಕ್ಕರೆ ಎಲ್ಲ ಹದವಾಗಿ ಹಾಕಿದಳು. ಹಾಲು ಬೇಕಾದಾಗ ಮಾತ್ರ ಕೈ ಹಾಕದೆ, "ಹಾಲ ಹಾಕ್ರಿ ಅತ್ತಿ" ಎಂದಳು. ನಾನು ಹಾಕಿದೆ. ಅಷ್ಟು ಚಿಕ್ಕ ಅಡುಗೆಮನೆಯಲ್ಲಿ ಅವಳ ಸೀರೆಯ ಅಂಚೂ ನನಗೆ ತಾಗದಂತೆ ಮೈ ಹಿಡಿ ಮಾಡಿಕೊಂಡು ಓಡಾಡಿದಳು. ಸಜ್ಜಿಗೆಯನ್ನು ತಾಟಿಗೆ ತೆಗೆದು, "ಆತ್ರಿ" ಎಂದು ಹೊರಟುಹೋದಳು. ಪ್ರಸಾದ ತಿಂದವರೆಲ್ಲ ಬಾಯಿ ತುಂಬ ಹೊಗಳಿದರು.

ಬಂದವರೆಲ್ಲ ಹೋದ ಮೇಲೆ, ಇನ್ನೂ ಸಂಜೆಯ ಬೆಳಕಿರುವಾಗಲೇ, ನಾನು ಅವಳ ಕೋಣೆಗೆ ಹೋದೆ. ಅವಳು ನಾನು ಕೊಟ್ಟ ಮಡಿಸೀರೆಯನ್ನು ಮಂಚದ ಮೇಲೆ ಹರಡಿ ಮಡಿಸುತ್ತಿದ್ದಳು. ನಾನು ಮಂಚದ ತುದಿಯಲ್ಲಿ ಕುಳಿತೆ. ತಪ್ಪಾಯಿತು ಎಂದು ಹೇಳಲು ಹೋದವಳಿಗೆ ಬರೀ ಅಳು ಬಂತು.

"ಅಯ್ಯ, ಯಾಕ್ರಿ ಅತ್ತಿ" ಎಂದಳು ಅವಳು. "ನೀವು ಬೇಕಂತ ಮಾಡಿದ್ದಲ್ರಿ ಅದು. ನಂಗೊತ್ತೈತಿ. ಕೈ ತಾನ ಹೋಗಿದ್ದು. ನಿಮ್ಮನ್ನ ಹಂಗ ಬರದಾರ, ನೀವರ ಏನ್ ಮಾಡ್ತೀರಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಕೆಟ್ಟು ನಿಂತ ಯಂತ್ರದ ಮೇಲೆ ಸಿಟ್ಟಾಗಬಾರದು ಎಂದು ಅವಳ ಕಸುಬು ಅವಳಿಗೆ ಕಲಿಸಿತ್ತು. ಅದೇ ತಾಳ್ಮೆಯನ್ನು ನನಗೂ ಕೊಟ್ಟಳು. ನನ್ನನ್ನು ಬರೆದವರು ಯಾರೂ ಇಲ್ಲ, ನಾನು ಮನುಷ್ಯಳು, ಓದಿದವಳು, ಓದಿಸಿದವಳು, ಬೇಕೆಂದರೆ ಎಂದೋ ಬದಲಾಗಬಹುದಿತ್ತು ಎಂದು ಅರಚಿಕೊಳ್ಳಬೇಕೆನಿಸಿತು.

"ಹೋಗ್ಬೇಡ್ರಮ್ಮಾ" ಎಂದೆ.

"ಮುಂದಿನ ತಿಂಗಳು ಹೋಗ್ತೀವ್ರಿ" ಎಂದಳು ಮೆಲ್ಲಗೆ. "ಇಲ್ಲೇ ಬಾಜೂಕ ಅಲ್ಲೇನ್ರಿ. ಬರ್ತಾ ಇರ್ತೀನಿ."

"ಹೋಗೋದಾದ್ರೆ ನನಗೆ ಚೆನ್ನಾಗಿ ಬೈದಾದ್ರೂ ಹೋಗೇ. ಎರಡು ವರ್ಷದ್ದೆಲ್ಲ ಬೈದುಬಿಡು. ನಾನು ತುಟಿ ಪಿಟಕ್ ಅನ್ನಲ್ಲ."

ಅವಳು ಸೀರೆಯ ಮಡಿಕೆಯನ್ನು ಅಂಗೈಯಿಂದ ಒತ್ತಿ ಸರಿಮಾಡಿದಳು.

"ನಾ ಹೆಂಗ ಬೈಯ್ಲಿರಿ?" ಎಂದಳು. "ನೀವು ಮಾವಗ ಬೈತೀರಿ. ಇವರಿಗೆ ಕತ್ತಿ ಅಂತೀರಿ. ನಿಮ್ಮ ನಾದಿನಿ ಬಂದ್ರ ಅವರಿಗೂ ಬಿಡೂದಿಲ್ಲ. ನನಗ ಒಂದ ದಿವ್ಸ ಒಂದ ಮಾತ ಅಂದಿಲ್ಲ ನೀವು. ನಮ್ಮ ಅವ್ವಗ ಫೋನಿನ್ಯಾಗ ಹೇಳಿದ್ರ, ಎಷ್ಟ ಛಲೋ ಅತ್ತಿ ಅಂತಾಳ. ನಾ ಸುಮ್ಮನ ಹೂಂ ಅಂತೀನಿ. ಬೈಯೋದು ಮನಿಯವರಿಗೆ ಅಲ್ಲೇನ್ರಿ."

ಅದನ್ನು ಕೇಳಿ ನಾನು ಅವಳನ್ನು ಬೈಯಲು ಬಾಯಿ ತೆರೆದೆ. ಆ ಗಳಿಗೆಯಲ್ಲೇ, ಹೇಗಾದರೂ, ಒಂದೇ ಒಂದು ಸಲ. ಮೂವತ್ತು ವರ್ಷ ತರಗತಿಗಳನ್ನು ಗದರಿಸಿದ ಬಾಯಿ ಅದು. ಯಾವುದಕ್ಕೆ ಬೈಯಲಿ ಎಂದು ಹುಡುಕಿದೆ. ಗಂಡ ಒದ್ದೆ ಟವೆಲ್ ಮಂಚದ ಮೇಲೆ ಎಸೆಯುತ್ತಾರೆ, ಮಗ ಹೇಳಿದ ಹೊತ್ತಿಗೆ ಬರುವುದಿಲ್ಲ, ನಾದಿನಿ ತಿಂದ ತಟ್ಟೆ ಎತ್ತುವುದಿಲ್ಲ. ಇವಳದು? ಅಡುಗೆಗೆ ಉಪ್ಪು ಜಾಸ್ತಿ ಹಾಕುವವಳೋ, ಹಾಲು ಉಕ್ಕಿಸುವವಳೋ, ಪಾತ್ರೆಯನ್ನು ಸರಿಯಾಗಿ ಬಳಿಯದವಳೋ, ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಒಂದೇ ಸೂರಿನ ಕೆಳಗಿದ್ದ ಹುಡುಗಿಯ ಒಂದು ತಪ್ಪೂ ನನಗೆ ತಿಳಿದಿರಲಿಲ್ಲ. ತಪ್ಪು ತಿಳಿಯುವಷ್ಟು ಹತ್ತಿರಕ್ಕೆ ನಾನು ಅವಳನ್ನು ಬಿಟ್ಟುಕೊಂಡೇ ಇರಲಿಲ್ಲ.